‘ಗೆದ್ರಾ?’ ಅಂತ ಕೇಳುವವರಿಗೆ

ಬೆಂಗಳೂರಿನ ನಮ್ಮ 14 ಜನರ ಕ್ವಯರ್ (ಹಲವು ದನಿಗಳಲ್ಲಿ ಒಟ್ಟಿಗೆ ಹಾಡುವ ತಂಡ) ಯುರೋಪಿನ ಒಂದು ಅಂತರರಾಷ್ಟ್ರೀಯ ಗಾಯನ ಸ್ಪರ್ಧೆಗೆ ಹೋಗಿ ಬಂದು ಎರಡು ವರ್ಷವಾಯಿತು. ಮದುವೆ ಮನೆಯ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಜನ ಈಗಲೂ ಕೇಳುವುದು ಒಂದೇ ಮಾತು: ‘ಗೆದ್ರಾ?’ ಬೆಳ್ಳಿ ಬಂತು ಅಂದರೆ, ‘ಓ, ಸೆಕೆಂಡಾ? ಪರವಾಗಿಲ್ಲ ಬಿಡಿ.’

ಸೆಕೆಂಡ್ ಅಲ್ಲ. ಆದರೆ ಲಿಫ್ಟು ಮೂರನೇ ಮಹಡಿ ಮುಟ್ಟುವುದರೊಳಗೆ ಅದನ್ನು ಹೇಳಿ ಮುಗಿಸಲಾಗುವುದಿಲ್ಲ.

ಕ್ವಯರ್ ಸ್ಪರ್ಧೆಗಳಲ್ಲಿ ಎರಡು ಜಾತಿ. ಒಂದು, ಮೊದಲನೆಯವರು, ಎರಡನೆಯವರು ಅಂತ ಸಾಲಾಗಿ ನಿಲ್ಲಿಸುವಂಥದ್ದು. ವೇಲ್ಸ್‌ನ ಲಾಂಗೋಲೆನ್ ಎಂಬ ಪುಟ್ಟ ಊರಿನಲ್ಲಿ 1947ರಿಂದ ನಡೆದುಬಂದಿರುವ ಸಂಗೀತೋತ್ಸವ ಆ ಪೈಕಿ. (ಆ ಊರಿನ ಹೆಸರಿನ ಮೊದಲ ಅಕ್ಷರ ನಮ್ಮ ‘ಲ’ಕ್ಕೂ ಸಿಗದು, ‘ಳ’ಕ್ಕೂ ಸಿಗದು, ಕ್ಷಮೆಯಿರಲಿ.) 1955ರಲ್ಲಿ ಅಲ್ಲಿ ಇಟಲಿಯ ಮೊಡೆನಾದ ಕ್ವಯರ್ ಒಂದಕ್ಕೆ ಮೊದಲ ಬಹುಮಾನ ಬಂತು. ಅದರಲ್ಲಿ ಅಪ್ಪನ ಜೊತೆ ನಿಂತು ಹಾಡಿದ್ದ 19ರ ಹುಡುಗ ಲುಚಾನೊ ಪವರೊಟ್ಟಿ, ಮುಂದೆ ಜಗತ್ಪ್ರಸಿದ್ಧ ಒಪೆರಾ ಗಾಯಕನಾದವನು.

ಇನ್ನೊಂದು ಜಾತಿ, 2000ದಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಶುರುವಾದ ವರ್ಲ್ಡ್ ಕ್ವಯರ್ ಗೇಮ್ಸ್‌ನಂಥದ್ದು. ಅಲ್ಲಿ ಅಂಕದ ಮೇಲೆ ಪದಕ. 100ಕ್ಕೆ 80 ದಾಟಿದರೆ ಚಿನ್ನ, 60 ದಾಟಿದರೆ ಬೆಳ್ಳಿ, 40 ದಾಟಿದರೆ ಕಂಚು. ಒಂದೇ ವಿಭಾಗದಲ್ಲಿ ಐದು ತಂಡಕ್ಕೆ ಚಿನ್ನ ಬಂದೀತು, ಒಂದಕ್ಕೂ ಬಾರದೆಯೂ ಇದ್ದೀತು. ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ಹೇಳುವುದಾದರೆ ಇದು ರ‍್ಯಾಂಕ್ ಅಲ್ಲ, ಕ್ಲಾಸ್. ಹಾಗಂತ ಹಗುರವಲ್ಲ. 2010ರಲ್ಲಿ ಚೀನಾದ ಶಾವೊಶಿಂಗ್‌ನಲ್ಲಿ ನಮ್ಮ ಶಿಲ್ಲಾಂಗ್ ಚೇಂಬರ್ ಕ್ವಯರ್ ಮೂರು ಚಿನ್ನ ತಂದಾಗ ನಾನು ಪೇಪರಿನಲ್ಲಿ ಓದಿ ಪುಟ ತಿರುಗಿಸಿದ್ದೆ. 80 ದಾಟುವುದೆಂದರೆ ಏನು ಅಂತ ಈಗ ಗೊತ್ತು. ನಾವು ಹೋದದ್ದೂ ಇಂಥದ್ದೇ ಸ್ಪರ್ಧೆ. ನಮಗೆ ಬಂದದ್ದು 66. ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ ಇಲ್ಲ.

‘ಅಷ್ಟು ಚಿಕ್ಕ ತಂಡ ಇಟ್ಟುಕೊಂಡು ಯಾಕೆ ಹೋದ್ರಿ?’ ಎನ್ನುವುದು ಎರಡನೇ ಪ್ರಶ್ನೆ. ನಿಜ ಹೇಳಬೇಕೆಂದರೆ ಸೇರುವುದು ಕಷ್ಟವೇ ಅಲ್ಲ. ರೆಕಾರ್ಡಿಂಗ್ ಕಳಿಸಿ, ಶುಲ್ಕ ಕಟ್ಟಿ, ಹಾಡುಗಳ ಸ್ವರಲಿಪಿ ಕಳಿಸಿದರೆ ಮುಗಿಯಿತು. ಕಷ್ಟವಿರುವುದು ಉಸಿರಿನಲ್ಲಿ. ದೊಡ್ಡ ಕ್ವಯರ್‌ನಲ್ಲಿ ಉಸಿರು ಕದಿಯಬಹುದು. ಒಬ್ಬರು ನಿಲ್ಲಿಸಿದಾಗ ಪಕ್ಕದವರು ಎಳೆಯುತ್ತಾರೆ, ಕೇಳುವವರಿಗೆ ಸಾಲು ಮುರಿಯುವುದೇ ಇಲ್ಲ. ನಮ್ಮಲ್ಲಿ ಸೊಪ್ರಾನೊ (ಹೆಣ್ಣಿನ ಮೇಲುದನಿ) ನಾಲ್ಕು, ಆಲ್ಟೊ (ಹೆಣ್ಣಿನ ಕೆಳದನಿ) ನಾಲ್ಕು, ಟೆನರ್ (ಗಂಡಿನ ಮೇಲುದನಿ) ಮೂರು, ಬಾಸ್ (ಗಂಡಿನ ಕೆಳದನಿ) ಮೂರು. ಮೂವರಲ್ಲಿ ಇಬ್ಬರು ಒಟ್ಟಿಗೆ ಉಸಿರೆಳೆದರೆ ಆ ಸ್ವರದ ಗೋಡೆಯೇ ಕುಸಿಯುತ್ತದೆ. ಹಾಗಾಗಿ ಯಾರು ಯಾವ ಅಕ್ಷರದಲ್ಲಿ ಉಸಿರು ತೆಗೆಯಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ನಾಲ್ಕು ತಿಂಗಳು ಅಭ್ಯಾಸ ಮಾಡಿದೆವು.

ಹೊರಡಲು ಹತ್ತು ದಿನವಿದ್ದಾಗ ಒಬ್ಬ ಟೆನರ್‌ಗೆ ವೀಸಾ ಬರಲಿಲ್ಲ. ಟೆನರ್‌ಗಳು ಎಲ್ಲ ಊರಿನಲ್ಲೂ ಅಪರೂಪ, ನಮ್ಮಲ್ಲಂತೂ ಬರಗಾಲ. ಪೆನ್ಸಿಲ್ ಗುರುತುಗಳೆಲ್ಲ ವ್ಯರ್ಥ. ಆಗ ನಮ್ಮ ಆಲ್ಟೊ ಸಾಲಿನ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ‘ಕೊಡಿ ಇಲ್ಲಿ, ಆ ಶ್ರುತಿ ನನಗೆ ದಕ್ಕುತ್ತೆ’ ಅಂತ ಹಾಳೆ ಕಿತ್ತುಕೊಂಡರು.

ಸಂಗೀತದ ತೊಡಕು ಬೇರೆಯೇ ಇತ್ತು. ನಮ್ಮಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ ಇಲ್ಲವೇ ಸುಗಮ ಸಂಗೀತದಿಂದ ಬಂದವರು. ನಾಲ್ಕು ದನಿಯ ಹಾಡು ಓದಲು ಬಾಲ್ಯದಿಂದ ಬಲ್ಲವನು ಮಂಗಳೂರಿನ ಒಬ್ಬ ಬಾಸ್ ಮಾತ್ರ. ಅವನದು ಬಾಸೆಲ್ ಮಿಶನ್ ಪರಂಪರೆಯ ಚರ್ಚು, ಮನೆಮಾತಿನಷ್ಟು ಸಲೀಸಾಗಿ ಕನ್ನಡ ಕೀರ್ತನೆಗಳನ್ನು ನಾಲ್ಕು ದನಿಯಲ್ಲಿ ಹಾಡಿ ಬೆಳೆದವನು. ಉಳಿದ ನಮಗೆ ಜೀವನದಲ್ಲಿ ಒಂದೇ ಆಧಾರ ಸ್ವರ, ಒಂದೇ ‘ಸ’. ಇಲ್ಲಿ ಹಾಡಿನ ನಡುವೆ ‘ಸ’ವೇ ಎದ್ದು ಬೇರೆ ಮನೆಗೆ ಹೋಗುತ್ತದೆ. ತಂಬೂರಿ ಇಲ್ಲ, ಪಿಯಾನೊ ಇಲ್ಲ. ನಿರ್ದೇಶಕಿ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ ಕಿವಿಯ ಬಳಿ ಹಿಡಿದು ಗುನುಗಿದ್ದೇ ಆಧಾರ.

ಇದರಲ್ಲೊಂದು ಸ್ವಾರಸ್ಯ. ತಂಬೂರಿಗೆ ಕೂತು ಕಲಿತವರ ಅಂತರ ಗಾಂಧಾರ (‘ಸರಿಗಮ’ದ ಮೇಲಿನ ‘ಗ’) ಪಿಯಾನೊದ ಗಾಂಧಾರಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಪಿಯಾನೊದ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ದೂರವನ್ನು 100 ಸೆಂಟ್ ಅಂತ ಎಣಿಸಿದರೆ ವ್ಯತ್ಯಾಸ 14 ಸೆಂಟ್. ಕೀಬೋರ್ಡ್ ಇಟ್ಟುಕೊಂಡು ಅಭ್ಯಾಸ ಮಾಡುವಾಗೆಲ್ಲ ನಮಗೆ ‘ಗಾಂಧಾರ ಇಳೀತಿದೆ’ ಅಂತ ಬೈಗುಳ. ಕೀಬೋರ್ಡ್ ಎತ್ತಿಟ್ಟ ದಿನ ಅದೇ ಗಾಂಧಾರ ಒಟ್ಟಿಗೆ ಕೂಡಿದ ದನಿಗಳೊಳಗೆ ಸದ್ದಿಲ್ಲದೆ ಕೂತುಬಿಟ್ಟಿತು. ಬರೇ ದನಿಗಳು ಕೂಡಿದಾಗ ಕಿವಿ ಕೇಳುವುದು ಅದನ್ನೇ. ಗೊತ್ತಿಲ್ಲದೆಯೇ ನಮ್ಮ ಬಳಿ ಇದ್ದ ಆಸ್ತಿ ಅದು.

ಸಾಲವೂ ಇತ್ತು: ಗಮಕ, ಅಂದರೆ ಸ್ವರವನ್ನು ತೂಗಿ ಅಲುಗಿಸಿ ಹಾಡುವುದು. ಪುರಂದರದಾಸರ ಒಂದು ಪದವನ್ನು ನಾಲ್ಕು ದನಿಗೆ ಹೊಂದಿಸಿಕೊಂಡು ಹೋಗಿದ್ದೆವು. ತೀರ್ಪುಗಾರರ ಮುಂದೆ ಸ್ವರಲಿಪಿ ಇರುತ್ತದೆ; ಶ್ರುತಿಶುದ್ಧಿ, ನಾದದ ಗುಣದ ಜೊತೆಗೆ ಬರೆದದ್ದನ್ನು ಬರೆದಂತೆ ಹಾಡಿದಿರಾ ಎಂಬುದಕ್ಕೂ ಅಂಕ. ನಾವು ನಾಲ್ವರು ಸೊಪ್ರಾನೊಗಳು ಒಂದೇ ಅಳತೆಯಲ್ಲಿ ತೂಗುವುದನ್ನು ತಿಂಗಳುಗಟ್ಟಲೆ ಕಲಿತು, ಹೆಮ್ಮೆಯಿಂದ ತೂಗಿ ಬಂದೆವು. ಕಾಗದದಲ್ಲಿ ಅದನ್ನು ಬರೆಯುವುದನ್ನೇ ಮರೆತಿದ್ದೆವು. ಒಬ್ಬ ತೀರ್ಪುಗಾರರ ಟಿಪ್ಪಣಿ: ‘ಸುಂದರ ಅಲಂಕಾರ, ಆದರೆ ಲಿಪಿಯಲ್ಲಿಲ್ಲ.’ ಎಷ್ಟು ಅಂಕ ಹೋಯಿತೋ. ಆ ಚೀಟಿಯನ್ನು ಪ್ರಮಾಣಪತ್ರಕ್ಕಿಂತ ಜೋಪಾನವಾಗಿ ಇಟ್ಟಿದ್ದೇನೆ.

ಖರ್ಚು ತಲೆಗೆ ಒಂದೂವರೆ ಲಕ್ಷದ ಮೇಲಾಯಿತು, ಎಲ್ಲ ಸ್ವಂತದ್ದು. ಪ್ರಾಯೋಜಕರು ಸಿಗುತ್ತಾರೆ ಅಂತ ಕಾದು ಕೂತರೆ ಟಿಕೆಟ್ ದರ ಏರುತ್ತದೆ, ಅಷ್ಟೆ. ಹೋಗಬೇಕೆಂದಿರುವ ಚಿಕ್ಕ ತಂಡದವರು ನನ್ನನ್ನು ಕೇಳಿದರೆ, ಹಾಡು ಆರಿಸುವ ಮೊದಲು ಪ್ರತಿ ಸಾಲಿನಲ್ಲೂ ಒಂಟಿಯಾಗಿ ನಿಂತು ಸಾಲು ಹಿಡಿಯಬಲ್ಲವರು ಇಬ್ಬರಾದರೂ ಇದ್ದಾರಾ ನೋಡಿಕೊಳ್ಳಿ ಅನ್ನುತ್ತೇನೆ. ವೀಸಾ ಆಮೇಲಿನ ಮಾತು.

ಮೊನ್ನೆ, ವೀಸಾ ಸಿಗದೆ ಉಳಿದಿದ್ದ ಆ ಹುಡುಗ ಮತ್ತೆ ಟೆನರ್ ಸಾಲಿಗೆ ಬಂದು ನಿಂತ. ಬ್ಯಾಂಕಿನ ಮೇಡಂ ಜಾಗ ಬಿಡಲಿಲ್ಲ. ಈಗ ನಮ್ಮಲ್ಲಿ ಟೆನರ್ ನಾಲ್ಕು, ಆಲ್ಟೊ ಮೂರು. ಉಸಿರಿನ ಗುರುತುಗಳನ್ನು ಮತ್ತೆ ಹಾಕುತ್ತಿದ್ದೇವೆ.