ಚಿಮ್ನಿ ಮೋಟಾರ್ ಬಿಸಿಯಾದರೆ ಮೊದಲು ಗಾಳಿ ದಾರಿ ನೋಡಿ

"ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ತಾನಾಗೇ ನಿಂತುಬಿಡುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರು." ಅಡುಗೆಮನೆ ಚಿಮ್ನಿ ಸರ್ವಿಸ್ ಮಾಡುವವರಿಗೆ ಈ ದೂರು ಹೊಸದಲ್ಲ. ಇಷ್ಟು ಕೇಳಿದರೆ ಮೋಟಾರ್ ಇನ್ನೂ ಸುಟ್ಟಿಲ್ಲ ಅಂತ ಗೊತ್ತಾಗುತ್ತದೆ. ಮೋಟಾರಿನ ತಂತಿ ಸುರುಳಿ (ವೈಂಡಿಂಗ್) ಜೊತೆ ಕೂತಿರುವ ಥರ್ಮಲ್ ಕಟ್‌ಆಫ್ ತನ್ನ ಕೆಲಸ ಮಾಡುತ್ತಿದೆ. ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುತ್ತದೆ, ತಣ್ಣಗಾದ ಮೇಲೆ ತಾನೇ ಕೂಡಿಸುತ್ತದೆ. ಬಿಸಿ ಯಾಕಾಯ್ತು ಅನ್ನೋದಷ್ಟೇ ನಾವು ಹುಡುಕಬೇಕಾದ್ದು.

ಆದರೆ ನಮ್ಮ ಲೈನಿನಲ್ಲಿ ಮೋಟಾರ್ ಬದಲಿಸೋದು ಸುಲಭ. ದುಡ್ಡೂ ಜಾಸ್ತಿ ಸಿಗುತ್ತೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇರೆ ಯಾರೋ ಬಂದು ಹೊಸ ಮೋಟಾರ್ ಹಾಕಿ ಹೋಗಿದ್ದರು. ಅದೂ ನಿಲ್ಲೋಕೆ ಶುರುವಾಗಿತ್ತು. "ಇದೂ ಡೂಪ್ಲಿಕೇಟ್ ಇರ್ಬೇಕು ಕಣಪ್ಪಾ, ಒರಿಜಿನಲ್ ಒಂದು ಹಾಕ್ಬಿಡು" ಅಂದರು ಮನೆಯ ಯಜಮಾನಿ. "ತಡೀರಿ ಅಮ್ಮ, ಮೊದಲು ಓಡಿಸಿ ಕೇಳೋಣ" ಅಂದೆ.

ಕೇಳೋಣ ಅಂದದ್ದು ಸುಮ್ನೆ ಅಲ್ಲ. ಬಿಸಿಯಾಗುವ ಮೋಟಾರ್ ಎರಡು ತರಹ ಸದ್ದು ಮಾಡುತ್ತದೆ. ಒಂದು, ದಪ್ಪ ದನಿಯಲ್ಲಿ ಹೂಂ ಅಂತ ಗುನುಗುತ್ತಾ ನಿಧಾನಕ್ಕೆ ತಿರುಗೋದು. ಇನ್ನೊಂದು, ಕೀಚಲು ದನಿಯಲ್ಲಿ ಜೋರಾಗಿ ಓಡೋದು. ಇಲ್ಲಿದ್ದದ್ದು ಎರಡನೆಯದು. ಒಂದು ಹಾಳೆ ನ್ಯೂಸ್‌ಪೇಪರ್ ತಗೊಂಡು ಫಿಲ್ಟರ್‌ಗೆ ಹಿಡಿದೆ. ಎಳೆತ ಸರಿಯಿದ್ದರೆ ಹಾಳೆ ಟಪ್ ಅಂತ ಅಂಟಿಕೊಂಡು ನಿಲ್ಲಬೇಕು. ಇದು ಒಂದು ಮೂಲೆ ಎತ್ತಿದ ಹಾಗೆ ಮಾಡಿ ಜಾರಿ ಸ್ಟವ್ ಮೇಲೆ ಬಿತ್ತು. ಕರೆಂಟ್ ಎಷ್ಟು ಎಳೀತಿದೆ ಅಂತ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರೆ, ಮೋಟಾರ್ ಪ್ಲೇಟ್ ಮೇಲೆ ಬರೆದದ್ದಕ್ಕಿಂತ ಆಂಪ್ಸ್ ಕಡಿಮೆಯೇ ಇತ್ತು.

ಹೊಸ ಹುಡುಗರು ತಲೆ ಕೆಡಿಸಿಕೊಳ್ಳೋದು ಇಲ್ಲೇ. ಆಂಪ್ಸ್ ಕಡಿಮೆ, ಆದ್ರೂ ಬಿಸಿ ಹೇಗೆ? ಚಿಮ್ನಿಯಲ್ಲಿ ಗಾಳಿ ತಳ್ಳುವ ಚಕ್ರಕ್ಕೆ, ಅಂದರೆ ಬ್ಲೋವರ್‌ಗೆ, ಇರುವ ಭಾರ ಅಂದರೆ ಅದು ತಳ್ಳುವ ಗಾಳಿ. ದಾರಿ ಕಟ್ಟಿಕೊಂಡರೆ ತಳ್ಳಲು ಗಾಳಿಯೇ ಇಲ್ಲ. ಭಾರ ಇಳಿಯುತ್ತದೆ, ವೇಗ ಏರುತ್ತದೆ, ದನಿ ಕೀಚಲಾಗುತ್ತದೆ. ಆದರೆ ಹೆಚ್ಚಿನ ಚಿಮ್ನಿಗಳಲ್ಲಿ ಮೋಟಾರ್ ಕೂತಿರೋದು ಬ್ಲೋವರ್ ನಡುವೆಯೇ. ಹಾದುಹೋಗುವ ಗಾಳಿಯೇ ಅದನ್ನು ತಣ್ಣಗಿಡಬೇಕು. ಗಾಳಿ ನಿಂತರೆ, ಕಡಿಮೆ ಕರೆಂಟಿನ ಬಿಸಿಯೂ ಅಲ್ಲೇ ಸುತ್ತುತ್ತಾ ಕೂಡಿಕೊಳ್ಳುತ್ತದೆ. ಕೆಳಗೆ ಸ್ಟವ್ ಬೇರೆ ಉರಿಯುತ್ತಿರುತ್ತದೆ.

ಫಿಲ್ಟರ್ ತೆಗೆದು ಓಡಿಸಿದೆ, ದನಿ ಬದಲಾಗಲಿಲ್ಲ. ಮೇಲಿನ ಡಕ್ಟ್ ಪೈಪ್ ಬಿಚ್ಚಿ ಓಡಿಸಿದೆ. ದನಿ ತಕ್ಷಣ ಇಳಿಯಿತು, ಆಂಪ್ಸ್ ಏರಿತು, ಗಾಳಿ ಸೀಲಿಂಗ್‌ಗೆ ಹೊಡೆಯಿತು. ಅರ್ಧ ಗಂಟೆ ಓಡಿದರೂ ನಿಲ್ಲಲಿಲ್ಲ. ಅಲ್ಲಿಗೆ ಮೋಟಾರ್ ಮೇಲಿನ ಅನುಮಾನ ಮುಗಿಯಿತು.

ಯುಟಿಲಿಟಿಗೆ ಹೋಗಿ ಹೊರಗಿನ ಮುಚ್ಚಳ ತೆಗೆದರೆ, ಒಳಗೆ ಪೈಪ್ ಬಾಯಿಗೆ ಸೊಳ್ಳೆ ಮೆಶ್ ಕಟ್ಟಿದ್ದರು. ಪಾರಿವಾಳ ಬರಬಾರದು ಅಂತ. ದಿನಾ ಒಗ್ಗರಣೆ ಹಾಕುವ ಮನೆ ಅಲ್ವಾ, ಎಣ್ಣೆ ಹೊಗೆ ಮತ್ತು ಧೂಳು ಸೇರಿ ಅದರ ಕಣ್ಣುಗಳೆಲ್ಲ ಮುಚ್ಚಿ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ಕಂದು ಜಿಡ್ಡು ಉಂಡೆಯಾಗಿ ಬಂತು. ಅದನ್ನು ಕಿತ್ತು, ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಹಾಕಿದೆ. ಅಷ್ಟು ಸಂದಿಯಲ್ಲಿ ಪಾರಿವಾಳ ನುಗ್ಗೋಲ್ಲ, ಜಿಡ್ಡೂ ಬೇಗ ಕಟ್ಟೋಲ್ಲ.

ಗಾಳಿ ಕಟ್ಟುವ ಬೇರೆ ಜಾಗಗಳೂ ಇವೆ. ಚಿಮ್ನಿ ಬಾಯಿಯ ಫ್ಲಾಪ್‌ಗೆ ಕಂಪನಿಯಲ್ಲಿ ಅಂಟಿಸಿದ ಟೇಪ್ ಹಾಗೇ ಉಳಿದಿರುತ್ತದೆ. ಆರು ಇಂಚಿನ ಪೈಪನ್ನು ಗೋಡೆಯ ನಾಲ್ಕು ಇಂಚಿನ ತೂತಿಗೆ ತುರುಕಿರುತ್ತಾರೆ. ಇಂಟೀರಿಯರ್‌ನವರಂತೂ ಲಾಫ್ಟ್ ಚೆಂದ ಕಾಣಲಿ ಅಂತ ಪೈಪನ್ನು ಅಮುಕಿ ಮುಚ್ಚಿಬಿಡುತ್ತಾರೆ, ಆಮೇಲೆ ನಮ್ಮ ಪಾಡು ದೇವರಿಗೇ ಪ್ರೀತಿ. ಕಿಟಕಿ ಬಾಗಿಲು ಪೂರ್ತಿ ಹಾಕಿ ಚಿಮ್ನಿ ಓಡಿಸುವ ಮನೆಗಳೂ ಇವೆ. ಒಳಗೆ ಗಾಳಿ ಬಾರದೆ ಹೊರಗೆ ಹೋಗೋದಾದರೂ ಎಲ್ಲಿಂದ? ಕಿಟಕಿ ತೆಗೆದ ಕೂಡಲೇ ದನಿ ಇಳಿದರೆ ಅದೇ ಕಾರಣ.

ದಪ್ಪ ದನಿಯ ಮೋಟಾರ್‌ದು ಬೇರೆ ಕತೆ. ಮೊದಲು ಮೋಟಾರ್ ತಿರುಗಲು ಬಲ ಕೊಡುವ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಅಂದರೆ ಒಳಗುಳಿದ ಕರೆಂಟ್ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಬೇಕು. 5 ಮೈಕ್ರೋಫ್ಯಾರಡ್ ಅಂತ ಬರೆದದ್ದು 3 ತೋರಿಸಿದರೆ ಬದಲಿಸಿ. ಅದು ಸರಿಯಿದ್ದರೆ ಬ್ಲೋವರನ್ನು ಕೈಯಲ್ಲಿ ತಿರುಗಿಸಿ. ನಾಲ್ಕು ಸುತ್ತು ಹಗುರವಾಗಿ ಹೋಗಬೇಕು. ತಿರುಗಿಸಿದ ಕೂಡಲೇ ನಿಂತರೆ ಬೇರಿಂಗ್, ಇಲ್ಲಾಂದ್ರೆ ಶಾಫ್ಟ್‌ಗೆ ಕಟ್ಟಿದ ಜಿಡ್ಡು. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರ್‌ಗೆ ಈ ಕೆಪಾಸಿಟರ್ ಇರೋಲ್ಲ, ಅದನ್ನು ಓಡಿಸೋದು ಎಲೆಕ್ಟ್ರಾನಿಕ್ ಬೋರ್ಡ್.

ಹೀಗೆ ಕೈ ಹಾಕುವ ಮೊದಲು ಮೋಟಾರ್ ನಿಂತಿದೆ ಅಂತ ನಂಬಿದರೆ ಸಾಲದು, ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಕಟ್‌ಆಫ್ ಆಗಿ ನಿಂತಿರುವ ಮೋಟಾರ್ ಸತ್ತಂತೆ ಕಾಣುತ್ತದೆ, ತಣ್ಣಗಾದರೆ ಹೇಳದೆ ಕೇಳದೆ ತಿರುಗುತ್ತದೆ. ಬೆರಳು ಬ್ಲೋವರ್ ಒಳಗಿದ್ದರೆ ಹೋಯ್ತು. ಇನ್ನು ಕೆಲವರು ಫಿಲ್ಟರ್ ತೊಳೆಯಲು ಕಾಸ್ಟಿಕ್ ಸೋಡಾ ಹಾಕುತ್ತಾರೆ. ಸ್ಟೀಲ್ ಫಿಲ್ಟರ್ ತಡೆಯುತ್ತದೆ, ಅಲ್ಯೂಮಿನಿಯಂದು ಕಪ್ಪಾಗಿ ತಿಂದುಹೋಗುತ್ತದೆ. ಬಿಸಿ ನೀರು, ಪಾತ್ರೆ ಸೋಪು ಸಾಕು.

ಪಾರ್ಟ್ ಏನೂ ಹಾಕದೆ ದುಡ್ಡು ಕೇಳಿದರೆ ಕೆಲವರಿಗೆ ಸರಿಬರೋಲ್ಲ, ಅದೂ ನಿಜ. ಅದಕ್ಕೇ ಈಗ ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಆ ಪೇಪರ್ ಹಾಳೆಯನ್ನು ಮನೆಯವರ ಕೈಯಲ್ಲೇ ಫಿಲ್ಟರ್‌ಗೆ ಹಿಡಿಸುತ್ತೇನೆ. ಬಿಲ್ ಆಮೇಲೆ ಕೊಡುತ್ತೇನೆ.