ಮಗ್ಗಿ ಎಷ್ಟರ ತನಕ ಬರಬೇಕು?

ಹತ್ತರ ತನಕ. ಉತ್ತರ ಅಷ್ಟೇ.

ಇಪ್ಪತ್ತರ ತನಕ ಬಂದರೆ ಒಳ್ಳೆಯದಲ್ಲವೇ ಎಂದರೆ, ಬರಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ 17ರ ಮಗ್ಗಿ ಬರಲಿಲ್ಲ ಎಂಬ ಕಾರಣಕ್ಕೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಎಷ್ಟೇ ದೊಡ್ಡ ಗುಣಾಕಾರವಾಗಲಿ, ಹಾಳೆಯ ಮೇಲೆ ಮಾಡುವಾಗ ಒಂದು ಸಲಕ್ಕೆ ಗುಣಿಸುವುದು ಒಂದಂಕಿಯನ್ನು ಒಂದಂಕಿಯಿಂದಲೇ. 17 × 6 ಬೇಕೇ? ಹತ್ತು ಆರು 60, ಏಳಾರು 42, ಕೂಡಿದರೆ 102. 19 × 7 ಬೇಕೇ? ಇಪ್ಪತ್ತು ಏಳು 140, ಅದರಿಂದ ಒಂದು ಏಳನ್ನು ತೆಗೆದರೆ 133. ಈ ದಾರಿ ಗೊತ್ತಿರುವ ಮಗುವಿಗೆ 23ರದ್ದೂ ಬರುತ್ತದೆ, 48ರದ್ದೂ ಬರುತ್ತದೆ. ಬರೀ ಉರು ಹೊಡೆದ ಮಗು ಉರು ಮುಗಿದ ಕಡೆ ನಿಂತುಬಿಡುತ್ತದೆ.

ಈ ಪ್ರಶ್ನೆ ಕೇಳುವವರ ಧಾಟಿ ಮಾತ್ರ ಯಾವಾಗಲೂ ಒಂದೇ. "ನಮ್ಮವನಿಗೆ ಇಪ್ಪತ್ತರ ತನಕ ಪಟಪಟ ಅಂತ ಬರುತ್ತೆ, ಆದರೂ ಲೆಕ್ಕದಲ್ಲಿ ವೀಕು. ಮೂವತ್ತರ ತನಕ ಕಲಿಸಿಬಿಡಲಾ?" ಔಷಧಿಯಿಂದ ಗುಣವಾಗಲಿಲ್ಲ, ಅದನ್ನೇ ಇನ್ನೊಂದು ಬಾಟಲಿ ಕುಡಿಸಲಾ ಎಂದ ಹಾಗಾಯಿತು.

ಆ "ಪಟಪಟ"ದಲ್ಲೇ ತೊಂದರೆ ಇದೆ. ಏಳರ ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸುವ ಮಗುವನ್ನು ನಡುವೆ ತಡೆದು "ಏಳೆಂಟ್ಲ?" ಅಂತ ಕೇಳಿ ನೋಡಿ. ತುಟಿ ಅಲುಗಾಡುತ್ತದೆ: ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು... ಬುಡದಿಂದ ಹತ್ತಿ ಬಂದರೇ 56 ಸಿಗುವುದು. ಆ ಮಗುವಿಗೆ ಬಂದಿರುವುದು ಹಾಡು. ಇನ್ನು "56ರಲ್ಲಿ ಏಳು ಎಷ್ಟು ಸಲ ಇದೆ?" ಅಂತ ತಿರುಗಿಸಿ ಕೇಳಿದರೆ ಎಷ್ಟೋ ಮಕ್ಕಳು ಸುಮ್ಮನೆ ನೋಡುತ್ತಾರೆ. ಭಾಗಾಕಾರಕ್ಕೆ ಬೇಕಾಗುವುದು ಈ ಎರಡನೆಯ ಪ್ರಶ್ನೆ. 21/56 ಅನ್ನು 3/8 ಮಾಡುವುದಕ್ಕೂ ಇದೇ ಬೇಕು. ಮಗ್ಗಿಯನ್ನು ಮುಂದಕ್ಕೆ ಉದ್ದ ಮಾಡುವ ಬದಲು ಹಿಂದಕ್ಕೆ ತಿರುಗಿಸಿ.

ಹತ್ತರ ತನಕ ಎಂದರೂ ನೂರು ಗುಣಲಬ್ಧಗಳಾದವಲ್ಲ ಎಂದು ಹೆದರಬೇಕಾಗಿಲ್ಲ, ಎಣಿಸಿ ನೋಡಿ. 3 × 8 ಮತ್ತು 8 × 3 ಒಂದೇ ಎಂದು ಗೊತ್ತಾದ ಕೂಡಲೇ ನೂರು 55ಕ್ಕೆ ಇಳಿಯಿತು. ಒಂದರದ್ದೂ ಹತ್ತರದ್ದೂ ಕಲಿಯುವ ಮಾತೇ ಇಲ್ಲ, ಉಳಿದದ್ದು 36. ಎರಡರದ್ದು ಎಂದರೆ ಇಮ್ಮಡಿ, ತೆಗೆದರೆ 28. ಐದರದ್ದು ಹತ್ತರದ್ದರ ಅರ್ಧ, ಉಳಿದದ್ದು 21. ಒಂಬತ್ತರದ್ದು ಹತ್ತರದ್ದರಿಂದ ಒಂದು ಸಲ ಕಳೆದರೆ ಸಿಗುತ್ತದೆ (9 × 7 ಎಂದರೆ 70ರಿಂದ 7 ಹೋಗಿ 63), ಉಳಿದದ್ದು 15. ನಾಲ್ಕರದ್ದು ಇಮ್ಮಡಿಯ ಇಮ್ಮಡಿ. ಕೊನೆಗೆ ನಿಲ್ಲುವುದು ಹತ್ತೇ ಹತ್ತು: 3 × 3, 3 × 6, 3 × 7, 3 × 8, 6 × 6, 6 × 7, 6 × 8, 7 × 7, 7 × 8, 8 × 8. ಬಾಯಿಪಾಠ ಮಾಡಿಸಲೇಬೇಕು ಎನ್ನುವವರು ಈ ಹತ್ತನ್ನು ಮಾಡಿಸಲಿ, ದಿನಕ್ಕೆ ಒಂದೊಂದು, ಅನುಕ್ರಮ ತಪ್ಪಿಸಿ. ಇವೂ ಮರೆತುಹೋದರೆ ಒಡೆದು ಕಟ್ಟಿಕೊಳ್ಳಬಹುದು. ಎಂಟೆಂಟು ಚುಕ್ಕಿಗಳ ಏಳು ಸಾಲು ಹಾಕಿ, ಐದು ಸಾಲಿನ ಕೆಳಗೆ ಗೆರೆ ಎಳೆಯಿರಿ. ಮೇಲೆ 40, ಕೆಳಗೆ 16, ಒಟ್ಟು 56. ಮುಂದೆ 34 × 27 ಮಾಡುವಾಗ ನಡೆಯುವುದೂ ಇದೇ ಒಡೆದು ಕೂಡುವ ಕೆಲಸ.

ಮಗ್ಗಿಯ ಮಾತು ಇಲ್ಲಿಗೆ ಸಾಕು. ಮಕ್ಕಳು ಸೋಲುವುದು ಮಗ್ಗಿಯೊಂದರಲ್ಲೇ ಅಲ್ಲ. "ಅವಳಿಗೆ ಎಲ್ಲಾ ಗೊತ್ತು, ಸಿಲ್ಲಿ ಮಿಸ್ಟೇಕ್ ಮಾಡ್ತಾಳೆ ಅಷ್ಟೇ" ಎಂಬ ಇನ್ನೊಂದು ಮಾತಿದೆಯಲ್ಲ, ಅದು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆ ಸಿಲ್ಲಿ ಮಿಸ್ಟೇಕುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿದವರು ಎಷ್ಟು ಜನ?

52 − 27 = 35. ಇದು ಪ್ರಪಂಚದ ಎಲ್ಲಾ ಎರಡನೇ ಕ್ಲಾಸಿನಲ್ಲೂ ಕಾಣುವ ಉತ್ತರ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದು, ಆದ್ದರಿಂದ ಮಗು 7ರಿಂದ 2 ಕಳೆದು 5 ಬರೆದಿದೆ. ಇದರಲ್ಲಿ ಅಜಾಗರೂಕತೆ ಎಲ್ಲಿದೆ? "ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಎಂದು ಒಂದನೇ ಕ್ಲಾಸಿನಲ್ಲಿ ನಾವೇ ಹೇಳಿಕೊಟ್ಟಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. "ಸರಿಯಾಗಿ ನೋಡಿ ಮಾಡು" ಅಂದರೆ ಸರಿಯಾಗಿ ನೋಡಿಯೇ ಮತ್ತೆ 35 ಬರೆಯುತ್ತದೆ.

ಇದಕ್ಕೆ ಕಡ್ಡಿಗಳು ಬೇಕು. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. 27 ತೆಗೆದುಕೊಡು ಎನ್ನಿ. ಏಳು ಬಿಡಿ ಇಲ್ಲ, ಮಗು ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿ ಮತ್ತು ಎರಡು ಕಟ್ಟು ಹೋದರೆ ಉಳಿಯುವುದು ಎರಡು ಕಟ್ಟು, ಐದು ಬಿಡಿ: 25. "ಪಕ್ಕದವನ ಹತ್ತಿರ ಸಾಲ ತಗೋ" ಎನ್ನುವ ಮಾತನ್ನು ದಯವಿಟ್ಟು ಬಿಡಿ. ಸಾಲ ಎಂದರೆ ತೀರಿಸಬೇಕು, ಇಲ್ಲಿ ಯಾರೂ ಯಾರಿಗೂ ತೀರಿಸುವುದಿಲ್ಲ. ಕಟ್ಟು ಬಿಚ್ಚು ಎನ್ನಿ, ನಡೆಯುವುದು ಅದೇ. 502 − 27ಕ್ಕೆ ಬಂದಾಗ ಸಾಲದ ಕಥೆ ಪೂರ್ತಿ ಕೈಕೊಡುತ್ತದೆ, ಏಕೆಂದರೆ ಪಕ್ಕದವನ ಹತ್ತಿರ ಇರುವುದೇ ಸೊನ್ನೆ. ಸೊನ್ನೆ ಇದ್ದಕ್ಕಿದ್ದಂತೆ 9 ಹೇಗಾಯಿತು ಎಂದು ಕೇಳಿದರೆ ದೊಡ್ಡವರೇ ತಡವರಿಸುತ್ತಾರೆ. ಕಟ್ಟಿನ ಲೆಕ್ಕದಲ್ಲಿ ಇದು ತೀರಾ ಸಲೀಸು: ಒಂದು ನೂರನ್ನು ಬಿಚ್ಚಿದರೆ ಹತ್ತು ಕಟ್ಟು, ಅದರಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ, ಕಟ್ಟು ಒಂಬತ್ತೇ ಉಳಿದವು. ನಾಲ್ಕು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಉತ್ತರ 475.

"ಮುನ್ನೂರ ಐದು" ಎಂದರೆ 3005 ಎಂದು ಬರೆಯುವ ಮಗು ಕೂಡ ಕಿವಿಗೆ ಬಿದ್ದದ್ದನ್ನೇ ಬರೆದಿದೆ, ಮೊದಲು 300, ಪಕ್ಕದಲ್ಲಿ 5.

ಸಮ ಚಿಹ್ನೆಯ ತಪ್ಪು ಇದಕ್ಕಿಂತ ಆಳದ್ದು, ಯಾರ ಕಣ್ಣಿಗೂ ಬೀಳದಂಥದ್ದು. 8 + 4 = □ + 5 ಎಂದು ಬರೆದುಕೊಡಿ. ಬಹಳಷ್ಟು ಮಕ್ಕಳು ಚೌಕದಲ್ಲಿ 12 ಬರೆಯುತ್ತಾರೆ, ಕೆಲವರು ಐದನ್ನೂ ಸೇರಿಸಿ 17 ಬರೆಯುತ್ತಾರೆ. 7 ಬರೆಯುವವರು ಕಡಿಮೆ. ಅವರ ಪಾಲಿಗೆ "=" ಎಂದರೆ "ಈಗ ಉತ್ತರ ಬರಿ" ಎಂಬ ಸೂಚನೆ. ವರ್ಷಗಟ್ಟಲೆ ಎಡಗಡೆ ಲೆಕ್ಕ, ಬಲಗಡೆ ಉತ್ತರ, ಅಷ್ಟನ್ನೇ ನೋಡಿರುವಾಗ ಇನ್ನೇನು ಅಂದುಕೊಂಡಾರು? ಹೈಸ್ಕೂಲಿನಲ್ಲಿ ಸಮೀಕರಣ ತಲೆಗೆ ಹತ್ತದಿರುವುದರ ಒಂದು ಬೇರು ಇಲ್ಲಿದೆ. ಒಂದನೇ ಕ್ಲಾಸಿನಿಂದಲೇ ಆಗಾಗ 12 = 8 + 4, 7 + 5 = 8 + 4 ಎಂದೂ ಬರೆಸಿದರೆ ಎರಡೂ ಕಡೆಯ ಬೆಲೆ ಒಂದೇ ಎನ್ನುವುದು ಕೂತುಕೊಳ್ಳುತ್ತದೆ. ಖರ್ಚಿಲ್ಲದ ಕೆಲಸ.

ಭಿನ್ನರಾಶಿಯಲ್ಲಿ ½ + ⅓ = ⅖. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದ್ದಾಯಿತು. ಇಲ್ಲಿ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಸೂತ್ರ ಹೇಳಿಕೊಡುವ ಮುಂಚೆ ಒಂದು ಮಾತು ಕೇಳಿ: "ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆ, ಅರ್ಧಕ್ಕಿಂತ ಕಡಿಮೆ ಹೇಗಾಯ್ತು?" ಐದು ಭಾಗದಲ್ಲಿ ಎರಡು ಎಂದರೆ ಅರ್ಧ ಮುಟ್ಟುವುದಿಲ್ಲ ಎಂದು ಕಂಡ ಮಗು ತಾನೇ ಹಾಳೆಯನ್ನು ವಾಪಸ್ ಎಳೆದುಕೊಳ್ಳುತ್ತದೆ. ಆಮೇಲೆ ಕಾಗದದ ಪಟ್ಟಿಯನ್ನು ಆರು ಸಮಭಾಗ ಮಡಚಿಸಿ. ಅರ್ಧ ಎಂದರೆ ಮೂರು ಮಡಿಕೆ, ಮೂರನೇ ಒಂದು ಎಂದರೆ ಎರಡು, ಒಟ್ಟು ⅚. ಛೇದ ಸಮ ಮಾಡುವುದು ಏಕೆಂದರೆ ಎರಡನ್ನೂ ಒಂದೇ ಅಳತೆಯ ತುಂಡಿನಲ್ಲಿ ಎಣಿಸಲು. ದಶಮಾಂಶದಲ್ಲೂ ಅಷ್ಟೇ, 0.35 ದೊಡ್ಡದು 0.5 ಚಿಕ್ಕದು ಎನ್ನುವ ಮಗು 35 ಮತ್ತು 5 ಅನ್ನು ಹೋಲಿಸುತ್ತಿದೆ. 0.50 ಎಂದು ಬರೆದು ತೋರಿಸಿದರೆ ಆ ಹೊತ್ತಿಗೆ ಉತ್ತರ ಸರಿಹೋಗುತ್ತದೆ, ಹತ್ತನೇ ಭಾಗ ನೂರನೇ ಭಾಗಕ್ಕಿಂತ ದೊಡ್ಡ ತುಂಡು ಎಂದು ಗೊತ್ತಾದರೆ ತಿಳಿವಳಿಕೆ ಸರಿಹೋಗುತ್ತದೆ.

ತಪ್ಪಿನ ಹಿಂದೆ ಒಂದು ನಿಯಮ ಇರುತ್ತದೆ ಎಂಬುದಕ್ಕೆ ಎಲ್ಲರೂ ತಿಳಿದಿರಬೇಕಾದ ಉದಾಹರಣೆ ಬೆನ್ನಿ ಎಂಬ ಹುಡುಗನದ್ದು. ಸ್ಟ್ಯಾನ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕರು 1973ರಲ್ಲಿ ಅವನ ಬಗ್ಗೆ ಬರೆದರು. ಆರನೇ ಕ್ಲಾಸು, ವಯಸ್ಸು ಹನ್ನೆರಡು, ಪರೀಕ್ಷೆಗಳನ್ನು ಪಾಸು ಮಾಡುತ್ತಾ ಚೆನ್ನಾಗಿಯೇ ಮುಂದೆ ಹೋಗುತ್ತಿದ್ದವನು. ಕೂತು ಮಾತಾಡಿಸಿದಾಗ ಗೊತ್ತಾಯಿತು, ಅವನ ಪ್ರಕಾರ 2/10 ಎಂದರೆ 1.2. ಎರಡೂ ಹತ್ತೂ ಹನ್ನೆರಡು, ನಡುವೆ ಒಂದು ಚುಕ್ಕಿ. 5/10 ಎಂದರೆ 1.5. 4/11 ಎಂದರೂ 1.5. ಅಂಕದ ಪಟ್ಟಿ ಇದನ್ನು ಯಾರಿಗೂ ಹೇಳಿರಲಿಲ್ಲ. "ಹೇಗೆ ಮಾಡಿದೆ?" ಎಂದು ಕೇಳಿದ್ದರಿಂದ ಗೊತ್ತಾಯಿತು.

ಹಾಗಾಗಿ ಮಗ್ಗಿ ಎಷ್ಟರ ತನಕ ಎಂದು ಕೇಳುವ ಬದಲು ನೋಟ್‌ಬುಕ್ ತೆರೆದು ತೋರಿಸಿ, "824 ÷ 8 = 13 ಅಂತ ಬರೆದಿದ್ದಾಳೆ, ಅವಳ ತಲೆಯಲ್ಲಿ ಏನಿತ್ತು?" ಎಂದು ಕೇಳಿ. ಅಂಥ ಪ್ರಶ್ನೆಗೆ ಎಷ್ಟು ಹೊತ್ತಾದರೂ ಕೂತು ಉತ್ತರ ಹೇಳಬಹುದು. 8ರಲ್ಲಿ 8 ಒಂದು ಸಲ, 1 ಬರೆದಳು. 2 ಕೆಳಗಿಳಿಸಿದಳು, 2ರಲ್ಲಿ 8 ಹೋಗುವುದಿಲ್ಲ. ಹೋಗುವುದಿಲ್ಲ ಎಂದರೆ ಬರೆಯಲು ಏನೂ ಇಲ್ಲ ಎಂದುಕೊಂಡು 4 ಇಳಿಸಿದಳು. 24ರಲ್ಲಿ 8 ಮೂರು ಸಲ, 3 ಬರೆದಳು. ಮಗ್ಗಿ ಎಲ್ಲೂ ತಪ್ಪಿಲ್ಲ, ನೋಡಿ. ಅವಳು "8" ಎಂದು ಓದಿದ್ದು ಎಂಟು ನೂರು, ಅದು ಮಾತ್ರ ಅವಳಿಗೆ ಕಾಣಲಿಲ್ಲ. ಭಾಗಿಸಲು ಶುರು ಮಾಡುವ ಮುಂಚೆಯೇ "ಎಂಟು ನೂರನ್ನು ಎಂಟು ಜನಕ್ಕೆ ಹಂಚಿದರೆ ತಲಾ ಎಷ್ಟು?" ಎಂದು ಕೇಳಿ. ನೂರು ಅನ್ನುತ್ತಾಳೆ. ಉತ್ತರ ನೂರರ ಮೇಲೆಯೇ ಇರಬೇಕು ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಲಿ. ಆಮೇಲೆ ಎರಡು ಹತ್ತರ ಕಟ್ಟು ಉಳಿದಿವೆ, ಎಂಟು ಜನಕ್ಕೆ ಒಂದೊಂದು ಕಟ್ಟು ಬರುವುದಿಲ್ಲ, ಅಂದರೆ ಹತ್ತರ ಸ್ಥಾನದಲ್ಲಿ ಎಲ್ಲರಿಗೂ ಸೊನ್ನೆ, ಅದನ್ನು ಬರೆಯಲಿ. ಕಟ್ಟು ಬಿಚ್ಚಿದರೆ ಇಪ್ಪತ್ತು, ಜೊತೆಗೆ ನಾಲ್ಕು, ಇಪ್ಪತ್ತನಾಲ್ಕು ಬಿಡಿ, ತಲಾ ಮೂರು. ನೂರ ಮೂರು. ಕೊನೆಗೆ ತನ್ನ ಹಳೆಯ 13 ಅನ್ನು ಎಂಟರಿಂದ ಗುಣಿಸಿ 104 ಬಂದದ್ದನ್ನು 824ರ ಪಕ್ಕದಲ್ಲಿ ಬರೆದು ತಾನೇ ನೋಡಲಿ. ಆ 13 ಅನ್ನು ಅಳಿಸಬೇಡಿ.