ಮೊದಲು ಹೋಗಿದ್ದು ಕಾಗೆ

ಇವತ್ತು ಚರ್ಚಿನ ಸಂಡೇ ಸ್ಕೂಲಲ್ಲಿ ಮಕ್ಕಳ ಕೈಲಿ ನೋಹನ ನಾವೆ ಮಾಡಿಸಿದೆ. ಬೈಬಲ್ ಕಥೆಯಲ್ಲಿ ಮಹಾಪ್ರಳಯದಿಂದ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸೋಕೆ ನೋಹ ಕಟ್ಟಿದ ದೊಡ್ಡ ಹಡಗು ಅದು. ನಮ್ಮ ರಾಯಚೂರಿನ ಬಿಸಿಲಿಗೆ ಗೋಂದು ಬೇಗ ಒಣಗುತ್ತೆ, ಅದೊಂದು ಅನುಕೂಲ.

ಬೈಬಲ್‌ನಲ್ಲೇ ಅಳತೆ ಇದೆ. 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಒಂದು ಮೊಳಕ್ಕೆ ಒಂದು ಮಿಲಿಮೀಟರ್ ಅಂತ ಹಿಡಿದರೆ ಉದ್ದ ಸರಿಯಾಗಿ ಮಕ್ಕಳ ಸ್ಕೇಲಿನಷ್ಟು, 30 ಸೆಂಟಿಮೀಟರ್! ಅಗಲ 5, ಎತ್ತರ 3. ಹಳೇ ಲಗ್ನಪತ್ರಿಕೆಗಳನ್ನು ಎರಡೆರಡು ಜೋಡಿಸಿ ಅಂಟಿಸಿದೆವು. ಮೊಳ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಲೇ ಇಲ್ಲ. ದಿನಾ ಹೂವು ಮಾರುವವರ ಹತ್ರ ನೋಡ್ತಾರಲ್ವಾ, ಎಲ್ಲರೂ ಕೈ ಚಾಚಿ ಮೊಣಕೈ ಮುಟ್ಟಿ ತೋರಿಸಿದರು.

ಆಮೇಲೆ ಪಾರಿವಾಳ, ನೀರು ಇಳಿದಿದೆಯಾ ಅಂತ ನೋಡೋಕೆ ನೋಹ ಕಳಿಸಿದಾಗ ಎಲೆ ಕಚ್ಚಿ ತಂದ ಹಕ್ಕಿ. ಬಿಳಿ ಹಾಳೆ, ಕೊಕ್ಕಿಗೆ ಒಂದು ಬೇವಿನೆಲೆ. ಹಿಂದೆ ಕೂತಿದ್ದ ಪುಟ್ಟಿಯೊಬ್ಬಳು ಮಾತ್ರ ತನ್ನ ಹಕ್ಕಿಗೆ ಕಪ್ಪು ಕ್ರೇಯಾನ್ ತಿಕ್ಕುತ್ತಿದ್ದಳು. ಬೆರಳೆಲ್ಲಾ ಕಪ್ಪು.

ಏನಮ್ಮಾ ಇದು ಅಂದೆ.

"ಅಕ್ಕಾ, ಮೊದ್ಲು ಹೋಗಿದ್ದು ಕಾಗೆ ಅಲ್ವಾ? ಅದನ್ನ ಯಾರೂ ಮಾಡ್ತಿಲ್ಲ."

ನಿಜ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 8ನೇ ಅಧ್ಯಾಯದಲ್ಲಿ ನೋಹ ಮೊದಲು ಬಿಟ್ಟಿದ್ದು ಕಾಗೆಯನ್ನೇ. ನೀರು ಒಣಗುವ ತನಕ ಅದು ಹೋಗುತ್ತಾ ಬರುತ್ತಾ ಇತ್ತು. ಎಷ್ಟು ಸಲ ಈ ಕಥೆ ಹೇಳಿದ್ದೀನಿ, ಒಂದು ಸಲವೂ ಕಾಗೆ ಮಾಡಿಸಿಲ್ಲ.

ಸುತ್ತ ಬರೀ ನೀರು. ಅದರ ಮೇಲೆ ಒಂದೇ ಹಕ್ಕಿ. ಎಲೆ ತರಲಿಲ್ಲ ಅಂತ ಅದನ್ನು ಮರೆತುಬಿಡೋದಾ?

ಅವಳ ಕಾಗೆಯನ್ನು ನಾವೆಯ ಮಾಳಿಗೆ ಮೇಲೆ, ಎಲ್ಲಕ್ಕಿಂತ ಮುಂದೆ ಅಂಟಿಸಿದೆವು. ಕಿಟಕಿ ಹತ್ರ ಒಣಗ್ತಾ ಇದೆ.